ನೆಲದಡಿಯ ಒಲೆಗೆ ನೀರೇ ಗೋಡೆ

(ಕಲ್ಲಿದ್ದಲಿನ ಭೂಗತ ಅನಿಲೀಕರಣದ ಬಗ್ಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಫೌಂಡ್ರಿಯವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಇಂಡಿ, ಮುದ್ದೇಬಿಹಾಳದ ಕಡೆ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕಟ್ಟಿಗೆಯನ್ನು ಒತ್ತಾಗಿ ಒಟ್ಟುತ್ತಾರೆ. ಮೇಲೆ ಹಸಿ ಸೊಪ್ಪು ಹಾಸಿ, ಅದರ ಮೇಲೆ ಮಣ್ಣು ಮೆತ್ತಿ, ಬುಡದಲ್ಲಿ ನಾಲ್ಕಾರು ಕಿಂಡಿ ಬಿಟ್ಟು ಬೆಂಕಿ ಹಾಕುತ್ತಾರೆ. ಮೊದಲು ಬರುವ ಹೊಗೆ ದಟ್ಟ ಬಿಳಿ. ಅದು ಕಟ್ಟಿಗೆಯ ನೀರು. ಆಮೇಲೆ ಹಳದಿ ಛಾಯೆಯ, ಮೂಗಿಗೆ ಚುಚ್ಚುವ ಹೊಗೆ. ಅದರಲ್ಲಿ ಟಾರೂ ಇರುತ್ತದೆ, ಆಮ್ಲವೂ ಇರುತ್ತದೆ. ಕೊನೆಗೆ ತೆಳ್ಳಗೆ ನೀಲಿ. ನೀಲಿ ಕಂಡ ಕೂಡಲೇ ಕಿಂಡಿ ಮುಚ್ಚಬೇಕು. ರಾತ್ರಿ ಎಲ್ಲೋ ಒಂದು ಕಡೆ ಮಣ್ಣು ಬಿರಿದು ಯಾರೂ ಗಮನಿಸಲಿಲ್ಲ ಅನ್ನಿ, ಬೆಳಗ್ಗೆ ಮಣ್ಣು ಸರಿಸಿದಾಗ ಸಿಗುವುದು ಬೂದಿ.

ಇವತ್ತಿನ ವಿಷಯವೆಲ್ಲ ಆ ಗುಡ್ಡೆಯೊಳಗೇ ಇದೆ. ಗಾಳಿಯನ್ನು ಅಳೆದು ಕೊಟ್ಟರೆ ಇಂಧನ ಪೂರ್ತಿ ಉರಿಯುವುದಿಲ್ಲ, ಉರಿಯಬಲ್ಲ ಅನಿಲವಾಗಿ ಹೊರಬರುತ್ತದೆ. ಇದ್ದಿಲು ಸುಡುವವನಿಗೆ ಇದ್ದಿಲು ಬೇಕು, ಅನಿಲವನ್ನು ಗಾಳಿಗೆ ಬಿಡುತ್ತಾನೆ. ಭೂಗತ ಅನಿಲೀಕರಣದಲ್ಲಿ ಇದು ತಿರುವುಮುರುವು: ಅನಿಲ ಬೇಕು, ಇದ್ದಿಲನ್ನೂ ಬೆಂಕಿ ತಿಂದು ಮುಗಿಸಬೇಕು, ಬೂದಿ ಅಲ್ಲೇ ಉಳಿಯಬೇಕು. ಕಲ್ಲಿದ್ದಲನ್ನು ಅಗೆದು ಮೇಲೆ ತರುವ ಬದಲು, ಅದು ಇರುವ ಪದರಕ್ಕೇ ಬೋರ್ ಹೊಡೆದು, ಅಲ್ಲೇ ಬೆಂಕಿ ಹಚ್ಚಿ, ಒಂದು ಬೋರಿನಿಂದ ಗಾಳಿ ಇಳಿಸಿ ಇನ್ನೊಂದರಿಂದ ಅನಿಲ ಎತ್ತುವುದು. ಕೇಳಲು ಸುಲಭ. ಆದರೆ 300 ಮೀಟರ್ ಆಳದಲ್ಲಿ ಬಿರುಕಿಗೆ ಮಣ್ಣು ಮೆತ್ತಲು ಯಾರೂ ಇಳಿಯುವಂತಿಲ್ಲ. ಹಾಗಾದರೆ ಆ ಒಲೆಗೆ ಗೋಡೆ ಯಾವುದು? ಈ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡಿರಿ, ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬರುತ್ತೇನೆ.

ಉದ್ಯಮಬಾಗದ ಎರಕದ ಕಾರ್ಖಾನೆಗಳಿಂದ, ಅಂದರೆ ಫೌಂಡ್ರಿಗಳಿಂದ ಬಂದವರಿಗೆ ಇದನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಕಬ್ಬಿಣ ಕರಗಿಸುವ ಭಟ್ಟಿಯಾದ ಕ್ಯುಪೋಲಾದ ಸರಕು ತುಂಬುವ ಬಾಗಿಲಲ್ಲಿ ನೀಲಿ ಜ್ವಾಲೆ ಕುಣಿಯುತ್ತದಲ್ಲ, ಅದು ಎಲ್ಲಿಂದ ಬಂತು? ಕೆಳಗೆ ಗಾಳಿ ಊದುವ ಮೂತಿ, ಅಂದರೆ ಟುಯರ್ ಹತ್ತಿರ, ಕೋಕಿನ (ಗಾಳಿ ತಗುಲದಂತೆ ಕಾಯಿಸಿದ ಕಲ್ಲಿದ್ದಲಿನ) ಇಂಗಾಲ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆ ಬಿಸಿ ಅನಿಲ ಕೆಂಪಗೆ ಕಾದ ಕೋಕಿನ ನಡುವೆ ಏರುವಾಗ ಇನ್ನೊಂದಿಷ್ಟು ಇಂಗಾಲವನ್ನು ಎಳೆದುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಸುಮಾರು 33 ಮೆಗಾಜೂಲ್ ಶಾಖ. ಮಾನಾಕ್ಸೈಡಿಗೇ ನಿಂತರೆ ಬರೀ 9 ಚಿಲ್ಲರೆ. ಉಳಿದ 23-24 ಮೆಗಾಜೂಲ್ ಆ ಅನಿಲದ ಹೊಟ್ಟೆಯಲ್ಲೇ ಇರುತ್ತದೆ. ಫೌಂಡ್ರಿಯವರಿಗೆ ಅದು ಕೋಕಿನ ದಂಡ. ಅನಿಲೀಕರಣದವರಿಗೆ ಅದೇ ಆದಾಯ. ಒದ್ದೆ ಕೋಕ್ ಹಾಕಿದರೆ ಭಟ್ಟಿ ತಣ್ಣಗಾಗುತ್ತದೆ ಎಂದು ಬೈಯುತ್ತೀರಿ. ಅಲ್ಲಿ ನಡೆಯುವುದೂ ನಮಗೆ ಬೇಕಾದ್ದೇ. ಕಾದ ಇಂಗಾಲ ಮತ್ತು ಹಬೆ ಸೇರಿದರೆ ಮಾನಾಕ್ಸೈಡ್ ಮತ್ತು ಜಲಜನಕ. ಆದರೆ ಈ ಎರಡು ಕ್ರಿಯೆಗಳೂ ಶಾಖ ತಿನ್ನುತ್ತವೆ. ಹಾಗಾಗಿ ಸ್ವಲ್ಪ ಇಂಗಾಲವನ್ನು ಪೂರ್ತಿ ಉರಿಸಿ ಆ ಶಾಖ ಒದಗಿಸಬೇಕು. ಎಷ್ಟು ಉರಿಸಬೇಕು, ಎಷ್ಟು ಉಳಿಸಬೇಕು ಎಂಬ ಲೆಕ್ಕವೇ ಗಾಳಿಯ ಲೆಕ್ಕ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಯಾರಾದರೂ ಕೇಳೇ ಕೇಳುತ್ತೀರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಇದನ್ನು ಮಾಡಲು ಬರುವುದಿಲ್ಲ, ಕಲ್ಲಿದ್ದಲೇ ಇಲ್ಲ. ವಿಜಯಪುರದ ಎರೆಹೊಲದ ಕೆಳಗಿರುವುದು ಲಾವಾ ಹೆಪ್ಪುಗಟ್ಟಿದ ಕರಿಕಲ್ಲು. ಬಾಗಲಕೋಟೆ, ಲೋಕಾಪುರದ ಸುಣ್ಣಕಲ್ಲು, ಬಾದಾಮಿಯ ಮರಳುಗಲ್ಲು ಇವೆಲ್ಲ ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೂ ಎಷ್ಟೋ ಮುಂಚಿನವು. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು? ಆದರೂ ಇದು ನಮಗೆ ಸಂಬಂಧಪಡದ ವಿಷಯವಲ್ಲ. ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರದಲ್ಲಿ ತಲಾ 800 ಮೆಗಾವಾಟಿನ 3 ಘಟಕಗಳಿವೆ. ಅವಕ್ಕೆ ಬೇಕಾದ ಕಲ್ಲಿದ್ದಲು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ಬಂದ ಪ್ರತಿ ರೇಕಿನಲ್ಲೂ, ಅಂದರೆ ಪ್ರತಿ ಗೂಡ್ಸ್ ರೈಲಿನಲ್ಲೂ, ಮೂರರಲ್ಲಿ ಒಂದು ಪಾಲಿನಷ್ಟು ಬೂದಿಯಾಗುವ ಮಣ್ಣೇ ಇರುತ್ತದೆ ಅಂದರೆ ತಪ್ಪಾಗದು. ಭಾರತದ ವಿದ್ಯುತ್ ಸ್ಥಾವರಗಳಿಗೆ ಹೋಗುವ ಕಲ್ಲಿದ್ದಲಿನ ಗುಣವೇ ಅಂಥದ್ದು. ಆ ಬೂದಿಯನ್ನು ಸಾವಿರ ಕಿಲೋಮೀಟರ್ ಹೊತ್ತು ತಂದು, ಮತ್ತೆ ಇಲ್ಲಿ ಹೊಂಡ ಕಟ್ಟಿ ತುಂಬುತ್ತೇವೆ. ಬೂದಿ ಗಣಿಯಲ್ಲೇ ಉಳಿಯುವುದಾದರೆ ಎಂಬ ಆಸೆ ಹುಟ್ಟುವುದು ಸಹಜ.

ಆಸೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ತೆರೆದ ಗಣಿಗಳದ್ದು. ಮೇಲಿನ ಮಣ್ಣು ಬಗೆದು ತೆಗೆಯುವ ಕೆಲಸ ಕೆಲವು ನೂರು ಮೀಟರಿನವರೆಗೆ ಮಾತ್ರ ಗಿಟ್ಟುತ್ತದೆ. ಗುಜರಾತಿನ ಮೆಹ್ಸಾಣಾ ಕಡೆ ಎಣ್ಣೆ ಹುಡುಕುವಾಗ 700 ಮೀಟರಿಗೂ ಕೆಳಗೆ ದಪ್ಪ ಕಲ್ಲಿದ್ದಲು ಪದರಗಳು ಸಿಕ್ಕಿವೆ. ಅಲ್ಲಿಗೆ ಗಣಿ ಕೊರೆದು ಕೂಲಿಯವರನ್ನು ಇಳಿಸುವವರು ಯಾರು?

ಕೂಲಿಯವರನ್ನು ಇಳಿಸದಿರುವುದು ಅಂದೆನಲ್ಲ, ಈ ಯೋಚನೆಯ ಬೇರು ಅಲ್ಲೇ ಇದೆ. 1868ರಲ್ಲಿ ವಿಲಿಯಂ ಸೀಮೆನ್ಸ್, 1888ರಲ್ಲಿ ಆವರ್ತಕ ಕೋಷ್ಟಕದ ಮೆಂಡಲೀವ್ ಇದನ್ನು ಸೂಚಿಸಿದ್ದರು. 1912ರಲ್ಲಿ ವಿಲಿಯಂ ರ‍್ಯಾಮ್ಸೇ, ಆರ್ಗಾನ್, ನಿಯಾನ್ ಕಂಡುಹಿಡಿದ ರಸಾಯನ ವಿಜ್ಞಾನಿ, ಇಂಗ್ಲೆಂಡಿನ ಡರಂನಲ್ಲಿ ಪ್ರಯೋಗ ಮಾಡಲು ಹೊರಟರು. ಅದನ್ನು ಓದಿದ ಲೆನಿನ್ 1913ರಲ್ಲಿ ಪ್ರಾವ್ದಾ ಪತ್ರಿಕೆಯಲ್ಲಿ ಲೇಖನ ಬರೆದು, ಇದು ಗಣಿ ಕಾರ್ಮಿಕರನ್ನು ಕತ್ತಲೆಯ ದುಡಿಮೆಯಿಂದ ಬಿಡಿಸಬಲ್ಲದು, ಆದರೆ ಬಂಡವಾಳಶಾಹಿಯಲ್ಲಿ ಅವರ ಕೆಲಸವನ್ನೇ ಕಸಿಯುತ್ತದೆ ಎಂದರು. ಮಹಾಯುದ್ಧ ಬಂತು, ರ‍್ಯಾಮ್ಸೇ 1916ರಲ್ಲಿ ತೀರಿಕೊಂಡರು, ಡರಂನಲ್ಲಿ ಬೆಂಕಿ ಹಚ್ಚಲೇ ಇಲ್ಲ. ಹಚ್ಚಿದ್ದು ಸೋವಿಯತ್ ಒಕ್ಕೂಟ, 1930ರ ದಶಕದಲ್ಲಿ, ಡಾನ್‌ಬಾಸ್‌ನಲ್ಲಿ. ಆಗ ಕಟ್ಟಿದವುಗಳ ವಂಶದ ಒಂದು ಒಲೆ, ಉಜ್ಬೇಕಿಸ್ತಾನದ ಆಂಗ್ರೆನ್, 1961ರಿಂದ ದಶಕಗಟ್ಟಲೆ ಪಕ್ಕದ ವಿದ್ಯುತ್ ಸ್ಥಾವರಕ್ಕೆ ಅನಿಲ ಕೊಡುತ್ತ ಬಂದಿದೆ. ಉಳಿದವು ಒಂದೊಂದಾಗಿ ನಿಂತವು. ಸೋವಿಯತ್ ನೆಲದಲ್ಲಿ ನೈಸರ್ಗಿಕ ಅನಿಲ ಹೇರಳವಾಗಿ ಸಿಕ್ಕ ಮೇಲೆ ಈ ಬಡ ಅನಿಲಕ್ಕೆ ಯಾರು ಕೈ ಚಾಚುತ್ತಾರೆ?

ಈಗ ಕೆಲಸದ ಕ್ರಮಕ್ಕೆ ಬರೋಣ. ಹಳೆಯ ವಿಧಾನದಲ್ಲಿ 20-30 ಮೀಟರ್ ಅಂತರಕ್ಕೆ ಎರಡು ನೇರ ಬೋರ್. ಕಲ್ಲಿದ್ದಲಿನೊಳಗೆ ಗಾಳಿ ಸುಲಭವಾಗಿ ಹಾಯುವುದಿಲ್ಲ, ಆದ್ದರಿಂದ ಎರಡರ ನಡುವೆ ದಾರಿ ಮಾಡಬೇಕು. ಇದಕ್ಕೊಂದು ಜಾಣ ಉಪಾಯವಿದೆ. ಬೆಂಕಿ ಒಂದು ಬೋರಿನ ಬುಡದಲ್ಲಿ, ಗಾಳಿ ಇನ್ನೊಂದರಿಂದ. ಗಾಳಿ ಪದರದ ಸಣ್ಣ ಸೀಳುಗಳಲ್ಲಿ ನುಸುಳಿಕೊಂಡು ಬೆಂಕಿಯ ಕಡೆ ಬರುತ್ತದೆ. ಬೆಂಕಿ ಆಮ್ಲಜನಕವನ್ನು ಹುಡುಕುತ್ತ ಗಾಳಿಗೆ ಎದುರಾಗಿ ತೆವಳುತ್ತದೆ. ತೆವಳಿದ ದಾರಿಯಲ್ಲಿ ಇದ್ದಿಲಿನ ಕಾಲುವೆ ಉಳಿಯುತ್ತದೆ. ಎರಡೂ ಬೋರ್ ಕೂಡಿದವು ಎಂದು ಮೇಲೆ ನಿಂತವರಿಗೆ ತಿಳಿಯುವುದು ಹೇಗೆ? ಕಂಪ್ರೆಸರಿನ ಒತ್ತಡ ಸೂಚಿ ಥಟ್ಟನೆ ಇಳಿಯುತ್ತದೆ. ಅಲ್ಲಿಂದ ಮುಂದೆ ಗಾಳಿಯ ಪ್ರಮಾಣ ಹೆಚ್ಚಿಸಿ ನಿಜವಾದ ಅನಿಲೀಕರಣ ಶುರು ಮಾಡುತ್ತಾರೆ. ಕೋಕ್ ಆಗುವ ಜಾತಿಯ ಕಲ್ಲಿದ್ದಲಿಗೆ ಈ ಉಪಾಯ ಒಗ್ಗುವುದಿಲ್ಲ. 400 ಡಿಗ್ರಿ ಆಸುಪಾಸಿನಲ್ಲಿ ಅದು ಮೆತ್ತಗಾಗಿ ಉಬ್ಬಿ, ಮಾಡಿದ ಕಾಲುವೆಯನ್ನೇ ಮುಚ್ಚುತ್ತದೆ. ಲಿಗ್ನೈಟು, ಎಳೆಯ ಕಲ್ಲಿದ್ದಲು ಇದಕ್ಕೆ ಒಳ್ಳೆಯವು.

ಹೊಸ ವಿಧಾನ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ್ದು. ಎಣ್ಣೆ ಬಾವಿಯವರಂತೆ ಬೋರನ್ನು ಬಾಗಿಸಿ, ಪದರದ ಬುಡಕ್ಕೆ ಅಂಟಿಕೊಂಡಂತೆ ನೂರಾರು ಮೀಟರ್ ಅಡ್ಡ ಕೊರೆಯುತ್ತಾರೆ. ಬುಡವೇ ಯಾಕೆ? ಬೆಂಕಿ ಮೇಲಕ್ಕೆ ತಿನ್ನುತ್ತದೆ. ನಡುವೆ ಕೊರೆದರೆ ಕೆಳಗಿನ ಅರ್ಧ ಪದರ ಬೂದಿಯಡಿ ಹೂತು ಹೋಗುತ್ತದೆ. ಅಡ್ಡ ಬೋರಿನ ತುದಿ ಅನಿಲ ಎತ್ತುವ ನೇರ ಬೋರಿಗೆ ಸೇರಬೇಕು. ಒಳಗಿನ ಕೊಳವೆಯ ಮೂತಿಯಲ್ಲಿ ಒಂದು ಬರ್ನರ್. ಹೊತ್ತಿಸಲು ಸಿಲೇನ್ ಎಂಬ ಅನಿಲ, ಅದಕ್ಕೆ ಕಡ್ಡಿ ಗೀರುವುದು ಬೇಡ, ಗಾಳಿ ತಗುಲಿದರೆ ತಾನೇ ಉರಿಯುತ್ತದೆ, ಹಿಂದೆಯೇ ಪ್ರೊಪೇನ್. ತುದಿಯಲ್ಲಿ ಗುಹೆ ಬೆಳೆದು, ಚಾವಣಿಯ ಕಲ್ಲು ಬಯಲಾಗಿ ಶಾಖ ಅದಕ್ಕೇ ವ್ಯರ್ಥವಾಗತೊಡಗಿದಾಗ ಅನಿಲದ ಗುಣ ಇಳಿಯುತ್ತದೆ. ಆಗ ಬರ್ನರನ್ನು ಹದಿನೈದಿಪ್ಪತ್ತು ಮೀಟರ್ ಹಿಂದಕ್ಕೆ ಎಳೆದು ಹೊಸ ಜಾಗದಲ್ಲಿ ಬೆಂಕಿ. 1987-88ರಲ್ಲಿ ವಯೋಮಿಂಗ್ ರಾಜ್ಯದ ಹ್ಯಾನಾ ಬಳಿ ಇದನ್ನೂ ಹಳೆಯ ಮಾದರಿಯ ಜೋಡಣೆಯನ್ನೂ ಅಕ್ಕಪಕ್ಕದಲ್ಲಿ, ಹಬೆ ಮತ್ತು ಆಮ್ಲಜನಕ ಕೊಟ್ಟು ನಡೆಸಿ ನೋಡಿದರು. ಎಳೆದುಕೊಳ್ಳುವ ವಿಧಾನವೇ ಗೆದ್ದಿತು.

ಬೋರ್ ಅಂದೊಡನೆ ನಮಗೆ ನೆನಪಾಗುವುದು ಹೊಲದ ಬೋರ್. ಅಲ್ಲಿ ಮೇಲಿನ ಮೆದು ಮಣ್ಣು ಇರುವಷ್ಟು ಆಳಕ್ಕೆ ಕೇಸಿಂಗ್ ಕೊಳವೆ ಇಳಿಸುತ್ತಾರೆ, ಕೆಳಗೆ ಬರೀ ಕಲ್ಲು. ಇಲ್ಲಿ ಹಾಗೆ ಬಿಟ್ಟರೆ ಮುಗಿದೇ ಹೋಯಿತು. ಕೇಸಿಂಗ್ ಮೇಲಿಂದ ಪದರದವರೆಗೂ ಇರಬೇಕು, ಅದರ ಹೊರಗಿನ ಸಂದಿ ಪೂರ್ತಿ ಸಿಮೆಂಟಿನಿಂದ ತುಂಬಬೇಕು. ಒಂದು ಸಣ್ಣ ಲೆಕ್ಕ ಮಾಡಿ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ, 0.012 ಮಿಲಿಮೀಟರ್ ಹಿಗ್ಗುತ್ತದೆ. 300 ಮೀಟರ್ ಕೇಸಿಂಗ್ 300 ಡಿಗ್ರಿ ಬಿಸಿಯಾದರೆ 1,080 ಮಿಲಿಮೀಟರ್, ಅಂದರೆ ಮೂರೂವರೆ ಅಡಿ ಉದ್ದವಾಗಬೇಕು. ಸಿಮೆಂಟ್ ಹಿಡಿದುಕೊಂಡಿದೆ, ಹಿಗ್ಗಲು ಬಿಡುವುದಿಲ್ಲ. ಆಗ ಉಕ್ಕಿನೊಳಗೆ ಹುಟ್ಟುವ ಒತ್ತು ಸುಮಾರು 720 ಮೆಗಾಪಾಸ್ಕಲ್. ಸಾಮಾನ್ಯವಾಗಿ ಬಳಸುವ ಕೆ-55 ದರ್ಜೆಯ ಕೇಸಿಂಗ್ 379ಕ್ಕೇ ಸೋಲಲು ಶುರುವಾಗುತ್ತದೆ. ಸೋತ ಉಕ್ಕು ಒತ್ತಿಕೊಂಡೇ ಹೇಗೋ ನಿಂತಿರುತ್ತದೆ. ಬಿಸಿ ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಬೆಂಕಿ ತಗ್ಗಿಸಿ ತಣ್ಣಗಾಗಲು ಬಿಟ್ಟಾಗ ಅದು ಕುಗ್ಗುತ್ತದೆ, ಈಗ ಎಳೆತ ಹುಟ್ಟುತ್ತದೆ, ಜೋಡಣೆಯ ತಿರುಪು ಹಲ್ಲುಗಳು ಕಿತ್ತು ಬರುತ್ತವೆ. ಬೋರ್ ಕೆಡುವುದು ಕಾಯುವಾಗಲ್ಲ, ತಣಿಯುವಾಗ. ಇದಕ್ಕಾಗಿಯೇ ಅನಿಲ ಎತ್ತುವ ಬೋರಿನ ಬುಡದಲ್ಲಿ ಸಣ್ಣಗೆ ನೀರು ಚಿಮುಕಿಸಿ ಅನಿಲವನ್ನು ಅಲ್ಲೇ ತಂಪು ಮಾಡುತ್ತಾರೆ. ಚಿಮುಕಿಸುವ ಪಂಪು ನಿಂತು ಮತ್ತೆ ಒಮ್ಮೆಲೇ ಶುರುವಾದರೆ ಮೇಲೆ ಹೇಳಿದ್ದೆಲ್ಲ ಕೆಲವು ನಿಮಿಷದಲ್ಲಿ ನಡೆದುಬಿಡುತ್ತದೆ.

ಸಿಮೆಂಟಿನದೂ ಒಂದು ಕತೆ. ಬಾಗಲಕೋಟೆಯವರು ಕೇಳಿಸಿಕೊಳ್ಳಿ, ನಿಮ್ಮ ಊರಿನ ಸರಕು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಗಟ್ಟಿಯಾದ ಮೇಲೆ 110 ಡಿಗ್ರಿ ದಾಟಿದ ತೇವದ ಬಿಸಿಯಲ್ಲಿ ಇದ್ದರೆ ಅದರ ಒಳರಚನೆ ಬದಲಾಗಿ ಬಲ ಕಳೆದುಕೊಳ್ಳುತ್ತದೆ, ರಂಧ್ರಗಳೂ ಹೆಚ್ಚುತ್ತವೆ. ಪರಿಹಾರ ಗೊತ್ತಿರುವುದೇ: ಸಿಮೆಂಟಿನ ತೂಕದ 35ರಿಂದ 40 ಪ್ರತಿಶತ ಸಿಲಿಕಾ ಪುಡಿ ಬೆರೆಸುವುದು. ಬುಡದ ಹತ್ತಿರ, ಬೆಂಕಿಯ ಬಾಯಲ್ಲೇ, ಅದೂ ಸಾಲದು; ಅಲ್ಲಿ ಭಟ್ಟಿಗೆ ಬಳಸುವಂಥ ಅಲ್ಯುಮಿನಾ ಸಿಮೆಂಟ್ ಬೇಕು.

ಈಗ ಗೋಡೆಯ ಪ್ರಶ್ನೆ. 300 ಮೀಟರ್ ಆಳದ ಪದರ, ಅಂತರ್ಜಲ ಮಟ್ಟ 20 ಮೀಟರಿನಲ್ಲಿದೆ ಅಂದುಕೊಳ್ಳಿ. ಪದರದ ಮೇಲೆ ನಿಂತ ನೀರು 280 ಮೀಟರ್. ಹತ್ತು ಮೀಟರ್ ನೀರಿಗೆ ಸುಮಾರು ಒಂದು ಬಾರ್, ಅಂದರೆ ಸುತ್ತಲಿನ ಕಲ್ಲಿನ ಸಂದಿಗೊಂದಿಗಳಲ್ಲಿ ನೀರು 28 ಬಾರ್ ಒತ್ತಡದಲ್ಲಿ ನಿಂತಿದೆ. ಗುಹೆಯೊಳಗಿನ ಅನಿಲದ ಒತ್ತಡ ಇದಕ್ಕಿಂತ ಕೊಂಚ ಕಡಿಮೆ, 25-26 ಬಾರ್ ಇದ್ದರೆ ಪ್ರತಿ ಬಿರುಕಿನಲ್ಲೂ ನೀರು ಒಳಮುಖವಾಗಿ ಸರಿಯುತ್ತದೆ. ಅನಿಲ, ಟಾರು, ಬೆಂಜೀನ್ ಯಾವುದೂ ಹೊರಗೆ ಹೋಗಲಾರದು. ಇದ್ದಿಲು ಸುಡುವವನು ಮಣ್ಣಿನಿಂದ ಮಾಡುವ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ. ಒಳಗೆ ಬಂದ ನೀರು ಹಬೆಯಾಗಿ ಕ್ರಿಯೆಗೂ ಒದಗುತ್ತದೆ. ಒತ್ತಡ 30ಕ್ಕೆ ಏರಿತೋ, ಅದೇ ಬಿರುಕುಗಳಲ್ಲಿ ಎಲ್ಲವೂ ಹೊರಮುಖವಾಗುತ್ತದೆ.

ಹಾಗಾದರೆ ಒತ್ತಡ ಇನ್ನೂ ಕಡಿಮೆ ಇಟ್ಟುಬಿಡೋಣ ಅನ್ನಬಹುದು. 15 ಬಾರಿಗೆ ಇಳಿಸಿದರೆ ನೀರು ನುಗ್ಗುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಲೇ ಎರಡೂ ಕಾಲು ಮೆಗಾಜೂಲ್ ಹೋಗುತ್ತದೆ, ಆ ಆವಿಯನ್ನು ಗುಹೆಯ ಉಷ್ಣತೆಗೆ ಏರಿಸಲು ಇನ್ನಷ್ಟು. ಮಾನಾಕ್ಸೈಡ್ ಇಳಿದು ಡೈಆಕ್ಸೈಡ್ ಏರುತ್ತದೆ, ಅನಿಲ ಉರಿಯದಷ್ಟು ಸಪ್ಪೆಯಾಗುತ್ತದೆ. ಸುತ್ತಲಿನ ಹಳ್ಳಿಗಳ ಬಾವಿಗಳ ಮಟ್ಟವೂ ಇಳಿಯುತ್ತದೆ. ಮಟ್ಟ ಇಳಿದರೆ ಹೊರಗಿನ 28 ಬಾರ್ 26 ಆಗುತ್ತದೆ, ನಿನ್ನೆ ಸುರಕ್ಷಿತವಾಗಿದ್ದ ಒಳ ಒತ್ತಡ ಇಂದು ಹೆಚ್ಚು. ನೋಡಿ, ಗುರಿ ಕದಲುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಬೋರ್ ಮಟ್ಟ ಎಷ್ಟು ಕುಸಿಯುತ್ತದೆ ಎಂದು ಈ ಸಭೆಯಲ್ಲಿರುವ ರೈತರ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಈ ಲೆಕ್ಕ ತಪ್ಪಿದಾಗ ಏನಾಯಿತು ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. ವಯೋಮಿಂಗ್‌ನ ಹೋ ಕ್ರೀಕ್, 1976ರಿಂದ 79. ಪದರ ಇದ್ದದ್ದು 50 ಮೀಟರ್ ಆಸುಪಾಸಿನಲ್ಲಿ. ಹೊರಗಿನ ನೀರಿನ ಒತ್ತಡ ಎಷ್ಟು ಸಣ್ಣದು ಎಂದು ನೀವೇ ಲೆಕ್ಕ ಹಾಕಿ. ಅನಿಲ ಹೊರಗೆ ನುಗ್ಗಿತು, ಚಾವಣಿ ಕುಸಿದು ಮೇಲಿನ ನೀರಿನ ಪದರಗಳೂ ಗುಹೆಗೆ ಕೂಡಿಕೊಂಡವು. ಅಂತರ್ಜಲದಲ್ಲಿ ಬೆಂಜೀನ್, ಫಿನಾಲ್‌ನಂಥ ವಿಷಗಳು ಸೇರಿದವು. ಪ್ರಯೋಗ ನಡೆದದ್ದು ಮೂರ್ನಾಲ್ಕು ವರ್ಷ, ನೀರು ಎತ್ತಿ ಶುದ್ಧ ಮಾಡುವ ಕೆಲಸ ಅದರ ಎಷ್ಟೋ ಪಟ್ಟು ನಡೆಯಿತು.

ಎರಡನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಚಿಂಚಿಲ್ಲಾ, 1999ರಿಂದ 2013. ಅಲ್ಲಿ ಒತ್ತಡವನ್ನು ಕಲ್ಲು ತಡೆಯುವುದಕ್ಕಿಂತ ಹೆಚ್ಚಿಗೆ ಏರಿಸಿದರು, ಮೇಲಿನ ಕಲ್ಲು ಸೀಳಿತು. ಸುತ್ತ 300 ಚದರ ಕಿಲೋಮೀಟರಿಗೂ ಹೆಚ್ಚು ಹೊಲಗದ್ದೆಗಳಲ್ಲಿ 2 ಮೀಟರಿಗಿಂತ ಆಳ ಅಗೆಯಬೇಡಿ ಎಂದು ರೈತರಿಗೆ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. 2016ರಲ್ಲಿ ಆ ರಾಜ್ಯ ಇಡೀ ವಿಧಾನವನ್ನೇ ನಿಷೇಧಿಸಿತು. 2018ರಲ್ಲಿ ನ್ಯಾಯಾಲಯ ಕಂಪನಿಗೆ 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು; ಕಂಪನಿ ಅಷ್ಟರಲ್ಲಿ ದಿವಾಳಿಯಾಗಿತ್ತು. ನನ್ನ ದೃಷ್ಟಿಯಲ್ಲಿ ಇದನ್ನು ಬೆಂಕಿಯ ಅಪಘಾತ ಅನ್ನುವುದು ತಪ್ಪು. ಹೆಚ್ಚು ಅನಿಲ ಬೇಕೆಂದು ಕಂಪ್ರೆಸರಿನ ಕಿವಿ ಹಿಂಡಿದ್ದರ ಫಲ ಅದು.

ಮೇಲೆ ಬಂದ ಅನಿಲದಲ್ಲಿ ಏನಿರುತ್ತದೆ? ಬರೀ ಗಾಳಿ ಊದಿದರೆ ಸುಮಾರು ಅರ್ಧ ಸಾರಜನಕವೇ. ಜಲಜನಕ 100ಕ್ಕೆ 15-20 ಪಾಲು, ಡೈಆಕ್ಸೈಡ್ ಅಷ್ಟೇ, ಮಾನಾಕ್ಸೈಡ್ 5-10, ಮಿಥೇನ್ 2-5. ಘನ ಮೀಟರಿಗೆ ನಾಲ್ಕೈದು ಮೆಗಾಜೂಲ್. ನೈಸರ್ಗಿಕ ಅನಿಲದಲ್ಲಿ ಇದರ ಎಂಟು ಪಟ್ಟು ಶಾಖ ಇರುತ್ತದೆ. ಅರ್ಧ ಸಾರಜನಕವನ್ನು ಒತ್ತಿ ನೂರಾರು ಕಿಲೋಮೀಟರ್ ಪೈಪಿನಲ್ಲಿ ಕಳಿಸುವುದು ಗಿಟ್ಟುವುದಿಲ್ಲ, ಪಕ್ಕದಲ್ಲೇ ಬಳಸಬೇಕು. ಆಮ್ಲಜನಕ ಊದಿದರೆ ಶಾಖಮೌಲ್ಯ ಹತ್ತು ದಾಟುತ್ತದೆ, ಆಗ ಮೆಥನಾಲ್, ಅಮೋನಿಯಾ ಮಾಡುವ ಯೋಚನೆ ಮಾಡಬಹುದು. ಆದರೆ ಆಮ್ಲಜನಕ ಸ್ಥಾವರದ ಖರ್ಚು ತಲೆಗೆ ಬರುತ್ತದೆ. ತಣಿಸಿದಾಗ ಟಾರು ಮತ್ತು ಫಿನಾಲ್ ತುಂಬಿದ ಕೊಳಕು ನೀರು ಬೇರ್ಪಡುತ್ತದೆ, ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ. ಇನ್ನು ಪೈಪಿನ ಮೇಲೆ ಸದಾ ಕಣ್ಣಿಡಬೇಕಾದದ್ದು ಆಮ್ಲಜನಕದ ಮೀಟರ್. ಒಳಗೆ ಗಾಳಿ ಕಲ್ಲಿದ್ದಲನ್ನು ಮುಟ್ಟದೆ ಅಡ್ಡದಾರಿ ಹಿಡಿದರೆ ಅದು ಅನಿಲದ ಜೊತೆ ಹಾಗೇ ಮೇಲೆ ಬರುತ್ತದೆ. ಒಂದು ಪ್ರತಿಶತ ಕಂಡರೂ ಊದುವುದನ್ನು ತಗ್ಗಿಸಬೇಕು. ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣವಿಲ್ಲ. ಕ್ಯುಪೋಲಾ ಹತ್ತಿರ ತಲೆ ಸುತ್ತಿ ಬಿದ್ದವರ ಸುದ್ದಿ ನೀವೂ ಕೇಳಿದ್ದೀರಿ.

ಗಣಿಗೆ ಇದು ಬದಲಿಯೇ ಎಂಬ ಪ್ರಶ್ನೆಗೆ ಉತ್ತರವನ್ನು ಲೆಕ್ಕವೇ ಕೊಡಲಿ. ಪದರ 6 ಮೀಟರ್ ದಪ್ಪ, ಗುಹೆ 15 ಮೀಟರ್ ಅಗಲ, ಅಡ್ಡ ಬೋರ್ 500 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. 45,000 ಘನ ಮೀಟರ್. ಸಾಂದ್ರತೆ 1.4 ಹಿಡಿದರೆ 63,000 ಟನ್. ಕೂಡಗಿ 2,400 ಮೆಗಾವಾಟಿನ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ, ಒಂದು ಯೂನಿಟ್ಟಿಗೆ 650 ಗ್ರಾಂ ಲೆಕ್ಕದಲ್ಲಿ, ದಿನಕ್ಕೆ 37,000 ಟನ್ ಹತ್ತಿರ ಬೇಕು, ಒಂಬತ್ತು ರೇಕು. ಅಂದರೆ ಇಷ್ಟೆಲ್ಲ ಕೊರೆದು, ಸಿಮೆಂಟ್ ಹಾಕಿ, ತಿಂಗಳುಗಟ್ಟಲೆ ಉರಿಸುವ ಒಂದು ಒಲೆಯ ಕಲ್ಲಿದ್ದಲು ಕೂಡಗಿಗೆ ಎರಡು ದಿನಕ್ಕೂ ಸಾಲದು. ನಡುನಡುವೆ ಕಂಬಗಳಂತೆ ಬಿಡುವ ಕಲ್ಲಿದ್ದಲು, ಉರಿಯದೆ ಉಳಿದದ್ದು ಕಳೆದರೆ ಇನ್ನೂ ಕಡಿಮೆ. ತೆರೆದ ಗಣಿಯ ಜಾಗವನ್ನು ಇದು ಹಿಡಿಯುವುದಿಲ್ಲ. ಗಣಿ ಮುಟ್ಟಲಾರದ ಆಳದ ಪದರಕ್ಕೆ, ಪಕ್ಕದಲ್ಲೇ ಅನಿಲ ಕೊಳ್ಳುವ ಕಾರ್ಖಾನೆ ಇದ್ದ ಕಡೆ, ಒಂದು ದಾರಿ, ಅಷ್ಟೇ.

ನಮ್ಮ ದೇಶದಲ್ಲಿ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟಿಗಾಗಿ ಒಎನ್‌ಜಿಸಿ 2004ರಲ್ಲೇ ಮಾಸ್ಕೋದ ಸ್ಕೋಚಿನ್ಸ್ಕಿ ಗಣಿ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಕೇಂದ್ರ ಸರ್ಕಾರದ ನೀತಿ ಬಂದದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಜಾರ್ಖಂಡದ ಜಾಮ್ತಾಡಾ ಜಿಲ್ಲೆಯ ಕಾಸ್ತಾ ಬ್ಲಾಕಿನಲ್ಲಿ ಪ್ರಾಯೋಗಿಕ ಯೋಜನೆ ಶುರುವಾಯಿತು. ಅದರ ಮೊದಲ ಹಂತ ಬೆಂಕಿಯದಲ್ಲ, ಬೋರ್ ಕೊರೆದು ಕಲ್ಲಿನ ತುಂಡು ತೆಗೆದು ಪರೀಕ್ಷಿಸುವುದು. ಅದೇ ಸರಿಯಾದ ಕ್ರಮ.

ಜಾರ್ಖಂಡದ ಜರಿಯಾ ಕಲ್ಲಿದ್ದಲು ಗಣಿಗಳ ಹಾಗೆ ಬೆಂಕಿ ಕೈ ತಪ್ಪಿ ಹಬ್ಬುವುದಿಲ್ಲವೇ ಎಂದು ಚೀಟಿ ಬಂದಿದೆ. ಜರಿಯಾದಲ್ಲಿ 1916ರಿಂದ ಉರಿಯುತ್ತಿರುವುದಕ್ಕೆ ಕಾರಣ ಹಳೆಯ ಗಣಿಗಳ ಸುರಂಗ, ಬಿರುಕುಗಳ ಮೂಲಕ ಒಳಗೆ ಹೋಗುವ ಗಾಳಿ. ನೀರಿನ ಮಟ್ಟಕ್ಕಿಂತ ತುಂಬ ಕೆಳಗಿನ, ಯಾರೂ ಅಗೆಯದ ಪದರಕ್ಕೆ ಗಾಳಿ ಹೋಗುವ ದಾರಿ ನಾವು ಕೊರೆದ ಬೋರ್ ಒಂದೇ. ಕಂಪ್ರೆಸರ್ ನಿಂತರೆ ಉರಿ ಸಾಯುತ್ತದೆ. ಶಾಖ ಮಾತ್ರ ಸಾಯುವುದಿಲ್ಲ, ಕೆಡುಕು ಅಲ್ಲೇ. ಗಾಳಿ ನಿಂತ ಮೇಲೂ ಕಾದ ಗೋಡೆಗಳ ಕಲ್ಲಿದ್ದಲು ಬೇಯುತ್ತ ಟಾರು, ಬೆಂಜೀನ್ ಬಿಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಬೋರಿನ ಬಾಯಿ ಮುಚ್ಚಿ ಮನೆಗೆ ಹೋದರೆ ಒತ್ತಡ ಏರಿ ಎಲ್ಲ ಹೊರಗಿನ ಕಲ್ಲಿಗೆ ಇಳಿಯುತ್ತದೆ. ಮಾಡಬೇಕಾದ್ದು ಇದು: ಬಾಯಿ ತೆರೆದಿಟ್ಟು ಒತ್ತಡವನ್ನು ನಿಧಾನವಾಗಿ ಇಳಿಸುವುದು, ಹೊರಗಿನ ನೀರು ತಾನೇ ಒಳಗೆ ಬಂದು ಹಬೆಯಾಗಿ ಆ ಕೊಳೆಯನ್ನು ಮೇಲಕ್ಕೆ ಹೊತ್ತು ತರಲು ಬಿಡುವುದು, ಬಂದದ್ದನ್ನು ಸುಡುವುದು ಅಥವಾ ತಣಿಸಿ ಶುದ್ಧ ಮಾಡುವುದು. ಗುಹೆ ನೀರಿನಿಂದ ತುಂಬಿದ ಮೇಲೆ ಆ ನೀರನ್ನೂ ಪಂಪು ಮಾಡಿ ತೆಗೆಯಬೇಕು, ಮತ್ತೆ ತುಂಬಲು ಬಿಡಬೇಕು, ಫಿನಾಲ್ ಇಳಿಯುವ ತನಕ. ಸುತ್ತಲಿನ ಪರೀಕ್ಷಾ ಬೋರುಗಳಿಂದ ವರ್ಷಗಟ್ಟಲೆ ನೀರಿನ ಮಾದರಿ ತೆಗೆಯುತ್ತಲೇ ಇರಬೇಕು. ಆ ಬೋರುಗಳನ್ನು ಬೆಂಕಿ ಹಚ್ಚುವುದಕ್ಕೆ ಒಂದು ವರ್ಷ ಮೊದಲೇ ಹೊಡೆದು, ಮಳೆಗಾಲ ಬೇಸಿಗೆ ಎರಡರ ನೀರನ್ನೂ ಪರೀಕ್ಷಿಸಿ ಬರೆದಿಟ್ಟಿರಬೇಕು. ಇಲ್ಲದಿದ್ದರೆ ನಾಳೆ ಬಾವಿಯಲ್ಲಿ ಫಿನಾಲ್ ಸಿಕ್ಕಾಗ, ಅದು ಮೊದಲೇ ಇತ್ತು ಎಂದು ಒಬ್ಬರು, ಇರಲಿಲ್ಲ ಎಂದು ಇನ್ನೊಬ್ಬರು. ತೀರ್ಮಾನಿಸಲು ಕಾಗದವೇ ಇರುವುದಿಲ್ಲ.